ಎಂಟು ಪುಸ್ತಕದ ಸೊನ್ನೆಗಳು

14 ನವೆಂಬರ್ 2024, ಗುರುವಾರ

ಈ ಪುಸ್ತಕದ ಮುಂದಿನ ಪುಟಗಳು ಡಾಕ್ಟರ್ ಮೇಘಾ ಅವರವು. ಹಿಂದಿನಿಂದ ತಿರುಗಿಸಿ ಹಿಡಿದರೆ ನನ್ನವು. ಮುಂದುಗಡೆ ದಿನಕ್ಕೆ ಮೂರು ಅಂಕಿ ಬರೆಯಬೇಕಂತೆ. ಅಂಕಿಯಲ್ಲಿ ಹಿಡಿಯದ್ದನ್ನು ಹಿಂದುಗಡೆ ಬರೆದುಕೊಳ್ಳುತ್ತೇನೆ. ಕೆ. ಹೊಸಕೋಟೆಯ ತಮ್ಮ ಬಸವಯ್ಯನಿಗೆ ಇವತ್ತಿಗೂ ಕಾಗದ ಹಾಕುವವಳು ನಾನು. ಆದರೆ ಇದೆಲ್ಲ ತಮ್ಮನಿಗೆ ಬರೆಯುವ ಮಾತಲ್ಲ.

ಡಾಕ್ಟರಮ್ಮ ಹಾಸನದಿಂದ ಬರುತ್ತಾರೆ. ಕೀಲಿನ ಉರಿಯೂತದ ಮೇಲೆ ಸಂಶೋಧನೆ. ತಿಂಗಳಿಗೊಂದು ಗುರುವಾರ ಹಾನುಬಾಳಿನ ಸಮುದಾಯ ಭವನದಲ್ಲಿ ಮೇಜು ಹಾಕಿಕೊಂಡು ಕೂರುತ್ತಾರೆ. ಕೈಕಾಲಿನ ಗಂಟು ಊದುವ ಎಂಟು ಜನ ಹೆಂಗಸರು ಹೆಸರು ಕೊಟ್ಟಿದ್ದೇವೆ. ಇವತ್ತು ನನ್ನ ಬೆರಳು, ಮಣಿಕಟ್ಟು, ಮೊಣಕೈ, ಭುಜ, ಮಂಡಿ, ಒಟ್ಟು ಇಪ್ಪತ್ತೆಂಟು ಕೀಲುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋವಾ ನೋವಾ ಎಂದು ಕೇಳಿದರು. ಇಪ್ಪತ್ತೆಂಟು ಸಲವೂ ಇಲ್ಲ ಎಂದೆ. ನನ್ನ ಬೆರಳು ನನ್ನ ಮಾತು ಕೇಳದಿದ್ದರೆ ಅದು ನನ್ನ ಮನೆಯ ಜಗಳ.

ನಿನ್ನೆಯೇ ಉಳಿದ ಏಳು ಜನಕ್ಕೂ ಹೇಳಿಕಳಿಸಿದ್ದೆ. ಎಣ್ಣೆ ಹಚ್ಚಿಕೊಂಡು ಬಿಸಿನೀರು ಹಾಕಿಕೊಳ್ಳಿ, ಬೆಳಿಗ್ಗೆ ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ಎರಡು ನುಂಗಿ, ಗಂಜಿ ಬಿಟ್ಟು ಬೇರೇನೂ ತಿನ್ನಬೇಡಿ. ಅಷ್ಟು ದೂರದಿಂದ ಬಂದವರ ಎದುರು ನರಳುತ್ತ ಕೂರುವುದೇ? ಗುಡಿಸದ ಅಂಗಳಕ್ಕೆ ನೆಂಟರನ್ನು ಕರೆಯುತ್ತೇವೆಯೇ? ಎಲ್ಲರೂ ಮದುವೆಗೆ ಬಂದವರಂತೆ ಬಂದಿದ್ದರು. ಪರೀಕ್ಷೆಗೆಂದು ಎಲ್ಲರ ರಕ್ತವನ್ನೂ ತೆಗೆದುಕೊಂಡರು.

ಒಂದು ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಸಾಲಾಗಿ ಕೂತಿದ್ದವರೆಲ್ಲ ಕೇಳುವಂತೆ ಹೊಟ್ಟೆಯ ವಿಚಾರ ತೆಗೆದರು. ಎಷ್ಟು ಸಲ ಹೊರಗೆ ಹೋಗುತ್ತೀರಿ, ಹೋದಾಗ ಬೇರೆ ಏನಾದರೂ ಕಾಣುತ್ತದೆಯೇ ಎಂದು. ಆ 'ಬೇರೆ'ಯನ್ನು ಅವರು ನೇರವಾಗಿಯೇ ಹೆಸರಿಟ್ಟು ಹೇಳಿದರು. ನಾನು ಇಲ್ಲಿ ಬರೆಯುವುದಿಲ್ಲ. ಕೀಲನ್ನು ಸುಡುವ ಬೆಂಕಿಯೇ ಕೆಲವರಿಗೆ ಕರುಳನ್ನೂ ಸುಡುತ್ತದಂತೆ. ಯಾರಿಗೆ, ಎಷ್ಟು ಜನಕ್ಕೆ, ಯಾವುದು ಮೊದಲು ಎಂದು ಹುಡುಕುವುದೇ ಅವರ ಕೆಲಸವಂತೆ. ವಯಸ್ಸು ಮೂವತ್ತೈದಿರಬಹುದು. ಪ್ರಪಂಚದಲ್ಲಿ ಹುಡುಕಲು ಬೇರೇನೂ ಸಿಗಲಿಲ್ಲವೇ ಈ ಹುಡುಗಿಗೆ?

17 ನವೆಂಬರ್, ಭಾನುವಾರ

ಎಂಟು ಪುಸ್ತಕವೂ ನನ್ನ ಮನೆಗೇ ಬಂದಿವೆ. ಎಂಟು ಜನರಲ್ಲಿ ಬರೆಯಲು ಬರುವವಳು ನಾನೊಬ್ಬಳು. ನಾನಾದರೂ ಶಾಲೆಗೆ ಹೋದವಳಲ್ಲ. ನಮ್ಮ ಹಿಟ್ಟಿನ ಗಿರಣಿಗೆ ಬರುವ ಡಬ್ಬಗಳ ಮೇಲಿನ ಹೆಸರು ನೋಡಿ ನೋಡಿ ಅಕ್ಷರ ಕಲಿತವಳು. ಸಂಜೆ ಒಬ್ಬೊಬ್ಬರೇ ಬಂದು ಹೇಳಿ ಹೋಗುತ್ತಾರೆ. ಮೊದಲ ಕಾಲಂ, ಹತ್ತಕ್ಕೆ ನೋವೆಷ್ಟು. ಎರಡನೆಯದು, ಬೆಳಿಗ್ಗೆ ಎದ್ದ ಮೇಲೆ ಬೆರಳು ಸಡಿಲವಾಗಲು ಎಷ್ಟು ನಿಮಿಷ. ಮೂರನೆಯದು ಆ ಕಡೆಯದು, ಹೊರಗೆ ಹೋಗುವ ಲೆಕ್ಕ.

ಕಾಫಿ ಕುಯ್ಯಲು ಹೋಗುವ ಹುಲಿಯಮ್ಮ ಇವತ್ತು ಜಗಲಿಯ ಮೇಲೆ ಕಾಲು ಚಾಚಿ ಕೂತು, "ನಿಮ್ಷ ಗಿಮ್ಷ ನಂಗೇನು ಗೊತ್ತಕ್ಕ, ಎರಡು ಸಾಲು ಗಿಡ ಮುಗಿಯೋವರ್ಗೂ ಬೆಳ್ಳು ಬಗ್ಗಾಕಿಲ್ಲ. ಎಷ್ಟಾದ್ರೂ ಬರ್ಕ. ತೋಟದ ಲೆಕ್ಕ ಬರ್ಯೋ ರೈಟ್ರಿಗೆ ತೋರಿಸ್ಬ್ಯಾಡ ಅಷ್ಟೆ, ಕೆಲ್ಸದಿಂದ ಬಿಡ್ಸ್ಬುಟ್ಟಾನು" ಎಂದಳು. ಹತ್ತು ಎಂದು ಬರೆದೆ. ಮೂರನೇ ಕಾಲಂ ನಾನು ಯಾರನ್ನೂ ಕೇಳುವುದಿಲ್ಲ. ಮರ್ಯಾದೆಯ ಮನೆಯ ಹೆಂಗಸರು. ಎಂಟಕ್ಕೂ ಸೊನ್ನೆ ಹಾಕಿಬಿಡುತ್ತೇನೆ.

12 ಡಿಸೆಂಬರ್, ಗುರುವಾರ

ಇವತ್ತು ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಕಳೆದ ವಾರ ಡಾಕ್ಟರಮ್ಮನ ಕಡೆಯವರು ಎಲ್ಲರಿಗೂ ಒಂದೊಂದು ಮುಚ್ಚಳದ ಡಬ್ಬಿ ಕೊಟ್ಟು ಹೋಗಿದ್ದರು. ಅದರಲ್ಲಿ ಏನು ತರಬೇಕೆಂದು ಹೇಳಿಯೇ ಹೋಗಿದ್ದರು. ಆದರೆ ಅದನ್ನು ಕೈಯಲ್ಲಿ ಹಿಡಿದು ಸಮುದಾಯ ಭವನಕ್ಕೆ ನಡೆದು ಬರುವವರು ಯಾರು? ಹಾಗೆಂದು ಇನ್ನೊಬ್ಬರ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯೂ ನಮ್ಮಲ್ಲಿಲ್ಲ. ಡಾಕ್ಟರಮ್ಮ ಒಂದೊಂದೇ ಮುಚ್ಚಳ ತೆಗೆದರು. ಎರಡರಲ್ಲಿ ಸಕ್ಕರೆ, ಎರಡರಲ್ಲಿ ಕಾಳುಮೆಣಸು, ಎರಡರಲ್ಲಿ ಕಾಫಿಪುಡಿ. ಹುಲಿಯಮ್ಮನದರಲ್ಲಿ ಜೇನುತುಪ್ಪ. ನನ್ನದರಲ್ಲಿ ಏಲಕ್ಕಿ.

ಡಾಕ್ಟರಮ್ಮ ಮೇಜಿಗೆ ಹಣೆ ಹಚ್ಚಿ ನಕ್ಕರು. ಅವರು ಅಷ್ಟು ನಕ್ಕಿದ್ದನ್ನು ನೋಡಿ ನಾವೂ ನಕ್ಕೆವು. ಕಣ್ಣು ಒರೆಸಿಕೊಂಡು, ಜೇನುತುಪ್ಪವನ್ನು ಪರೀಕ್ಷೆಗೆ ಕಳಿಸಿದರೆ ಲ್ಯಾಬಿನವರು ನನ್ನನ್ನೇ ಪರೀಕ್ಷೆಗೆ ಕಳಿಸುತ್ತಾರೆ ಎಂದರು. ಹುಲಿಯಮ್ಮ ಬಿಡಲಿಲ್ಲ. "ಕಳ್ಸಿ ಮೇಡಂ. ಕಾಡುಜೇನು. ಅವ್ರಿಗೂ ಕೆಮ್ಮು ಹೋಗ್ಲಿ."

ಹೋಗುವಾಗ ಮಾತ್ರ ನನ್ನನ್ನು ಬದಿಗೆ ಕರೆದು, ಅಮ್ಮ, ನನಗೆ ನಿಜವಾಗಿಯೂ ಅದು ಬೇಕು, ಸ್ವಲ್ಪ ಹೇಳಿ ಇವರಿಗೆ ಎಂದು ಕೇಳಿಕೊಂಡರು. ಆಗಲಿ ಎಂದೆ. ಹೇಳುವುದಿಲ್ಲ.

22 ಡಿಸೆಂಬರ್, ಭಾನುವಾರ

ಬಸವಯ್ಯನ ಮಗಳ ನಿಶ್ಚಿತಾರ್ಥಕ್ಕೆ ನಾನು ಹೋಗಲಿಲ್ಲ. ಅಷ್ಟು ಹೊತ್ತು ಬಸ್ಸಿನಲ್ಲಿ ಕೂರುವುದು ನನ್ನಿಂದಾಗದು. ಮಂಡಿನೋವು ಎಂದು ಕಾಗದ ಬರೆದೆ. ಯಜಮಾನರು ಹೋಗಿಬಂದರು.

ಸೊಸೆ ಶಾಲಿನಿ ಊಟ ಬಿಡುತ್ತಿದ್ದಾಳೆ. ಎರಡು ತುತ್ತು ತಿಂದು ತಟ್ಟೆ ತೊಳೆಯುತ್ತಾಳೆ. ರವಿಕೆ ಹೊಲಿಯುವ ಹುಡುಗಿ, ತನ್ನ ರವಿಕೆಯನ್ನೇ ಮೂರು ಸಲ ಹಿಡಿದು ಹೊಲಿದುಕೊಂಡಿದ್ದಾಳೆ. ಯಾರ ಮೇಲೆ ಮುನಿಸು ಎಂದು ಗದರಿದೆ. ಯಾರ ಮೇಲೂ ಇಲ್ಲ ಅತ್ತೆ ಎಂದು ಹಿತ್ತಲಿಗೆ ಹೋದಳು. ನನ್ನ ನೋವಿನ ಮಾತ್ರೆಯ ಹಾಳೆಯೂ ಬೇಗ ಖಾಲಿಯಾಗುತ್ತಿದೆ. ಕೇಳಿದ್ದಕ್ಕೆ, ಹೊಲಿಗೆ ಮಿಷನ್ ತುಳಿದು ಮಂಡಿ ಊದಿತ್ತು, ಅದಕ್ಕೆ ತೊಗೊಂಡೆ ಎಂದಳು. ಇಪ್ಪತ್ತಾರಕ್ಕೆ ಎಂಥ ಮಂಡಿನೋವು?

9 ಜನವರಿ 2025, ಗುರುವಾರ

ನಾವು ಪಾಸಾದೆವು! ಹಾನುಬಾಳಿನ ಎಂಟು ಜನಕ್ಕೂ ನೋವು ಕಡಿಮೆ, ಕರುಳಿನ ತೊಂದರೆ ಒಬ್ಬರಿಗೂ ಇಲ್ಲ. ಡಾಕ್ಟರಮ್ಮನ ಮೇಲಿನ ದೊಡ್ಡ ಡಾಕ್ಟರು ಫೆಬ್ರವರಿಯಲ್ಲಿ ತಾವೇ ಬಂದು ಇಲ್ಲಿಯ ಕೆಲಸ ಮುಗಿಸಿ, ಅದನ್ನು ಬೇರೆ ಊರಿಗೆ ಹಾಕುತ್ತಾರಂತೆ. ನಾನು ಎಲ್ಲರ ಪರವಾಗಿ ಕೈ ಮುಗಿದೆ.

ಡಾಕ್ಟರಮ್ಮನ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ನಿಮ್ಮ ರಕ್ತ ನೋಡಿದರೆ ಒಳಗೆ ಉರಿ ಜೋರಾಗಿದೆ ಅಮ್ಮ, ಪುಸ್ತಕ ನೋಡಿದರೆ ಏನೂ ಇಲ್ಲ, ಎರಡೂ ಒಂದೇ ಮನುಷ್ಯರದು ಅಂತ ನಂಬುವುದು ಹೇಗೆ ಎಂದರು. ಈ ಬೆಟ್ಟದ ಕಡೆ ಈ ಕಾಯಿಲೆ ಇದೆ ಎಂದು ಹಟ ಹಿಡಿದು ಬಂದವರೇ ಅವರಂತೆ. ಇಲ್ಲ ಎಂದಾದರೆ ಇಲ್ಲಿಯವರಿಗೆ ಪುಕ್ಕಟೆ ಪರೀಕ್ಷೆಯೂ ಇಲ್ಲ, ಔಷಧಿಯೂ ಇಲ್ಲ.

ಆಮೇಲೆ ಸುಮ್ಮನೆ ಮಾತಿಗೆ ಎನ್ನುವಂತೆ ಕೇಳಿದರು, ನೋವಿನ ಮಾತ್ರೆ ಯಾರಾದರೂ ನುಂಗುತ್ತೀರಾ? ಕರುಳಿನ ಉರಿಯೂತ ಇರುವವರಿಗೆ ಆ ಮಾತ್ರೆ ಒಳಗಿನ ಹುಣ್ಣನ್ನು ಕೆಣಕುತ್ತದೆ, ಮೈ ಒಣಗುತ್ತದೆ, ಊಟ ಸೇರುವುದಿಲ್ಲ.

ಯಾರೂ ಇಲ್ಲ ಎಂದೆ. ದಾರಿಯುದ್ದಕ್ಕೂ ಶಾಲಿನಿಯ ರವಿಕೆ ಕಣ್ಣಿಗೆ ಕಟ್ಟುತ್ತಿತ್ತು.

11 ಜನವರಿ, ಶನಿವಾರ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹಿತ್ತಲಿಗೆ ಹೋದೆ. ಶಾಲಿನಿ ಒಗೆಯುವ ಕಲ್ಲಿನ ಮುಂದೆ ಬಟ್ಟೆ ಹಿಡಿದು ಕೂತಿದ್ದಳು. ನೀರು ಕೆಂಪಗೆ ಹರಿಯುತ್ತಿತ್ತು. ತಿಂಗಳಿನದಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ಅವಳ ಲೆಕ್ಕ ನನಗೆ ಗೊತ್ತು.

"ಎಷ್ಟು ದಿನದಿಂದ?" ಎಂದೆ.

"ಯುಗಾದಿಯಿಂದ, ಅತ್ತೆ."

ಒಂಬತ್ತು ತಿಂಗಳು. ಒಂದೇ ಒಲೆಯ ಮುಂದೆ ಒಂಬತ್ತು ತಿಂಗಳು. ಯಾಕೆ ಹೇಳಲಿಲ್ಲ ಎಂದು ಕೇಳುವಾಗ ನನ್ನ ದನಿಯಲ್ಲಿ ಸಿಟ್ಟಿತ್ತು. ಅವಳು ತಲೆ ಎತ್ತದೆ ಹೇಳಿದಳು. "ಮೊದ್ಲು ಉಷ್ಣ ಅಂದ್ಕಂಡು ಜೀರಿಗೆ ನೀರು ಕುಡೀತಿದ್ದೆ. ಡಾಕ್ಟ್ರು ಬಂದ್ರಲ್ಲ, ಹೇಳ್ಬುಡೋಣ ಅಂತ ಮನಸ್ಸು ಮಾಡಿದ್ದೆ. ಆಮೇಲೆ ನಿಮ್ಮ ಎಂಟು ಪುಸ್ತಕದ್ದೂ ಮುಂದಿನ ಪುಟ ತೆಗೆದು ನೋಡ್ದೆ. ಎಲ್ರಿಗೂ ನನ್ನಂಗೇ ಗಂಟು ಊದ್ತವೆ. ಮೂರನೇ ಕಾಲಂ ಮಾತ್ರ ಎಲ್ರುದ್ದೂ ಸೊನ್ನೆ. ಈ ಹೊಲಸು ನನಗೊಬ್ಬಳಿಗೇ ಐತೆ ಅಂದ್ಕಂಡು ಸುಮ್ನಾದೆ."

ನಾನು ಕಲ್ಲಿನ ಪಕ್ಕದಲ್ಲೇ ಕೂತೆ. ಕೂರಲು ಮಂಡಿ ಬಿಡುವುದಿಲ್ಲ, ಆದರೂ ಕೂತೆ. "ನನ್ನ ಪುಸ್ತಕದ ಸೊನ್ನೆನೂ ಸುಳ್ಳು ಕಣೆ. ನಂಗೂ ಐತೆ. ಆರು ವರ್ಷ ಆಯ್ತು" ಎಂದೆ.

ಯಜಮಾನರಿಗೂ ಗೊತ್ತಿಲ್ಲದ ಮಾತು. ಬಾಯಿಂದ ಬಂದ ಮೇಲೆ ಅಷ್ಟೇನೂ ಭಾರವಿರಲಿಲ್ಲ. ಇಬ್ಬರೂ ಸೇರಿ ಬಟ್ಟೆ ಹಿಂಡಿದೆವು. ನನ್ನ ಕೈಯಲ್ಲಿ ಹಿಂಡಲು ಶಕ್ತಿಯಿಲ್ಲ, ಒಂದು ತುದಿ ಹಿಡಿದುಕೊಂಡಿದ್ದೆ.

12 ಜನವರಿ, ಭಾನುವಾರ

ಮನೆಯಲ್ಲಿ ಹೇಳಿದೆ, ಶಾಲಿನಿಯನ್ನು ಕೇಳಿಕೊಂಡೇ. ಮಗ ಸುನಿಲ್‌ಕುಮಾರ್ ಸಕಲೇಶಪುರಕ್ಕೆ ಜೀಪು ಓಡಿಸುವವನು. ಮೂಲವ್ಯಾಧಿ ಇರಬೇಕು, ಸಕಲೇಶಪುರದಲ್ಲಿ ಔಷಧಿ ತರುತ್ತೇನೆ, ಊರಿಗೆಲ್ಲ ಯಾಕೆ ಗೊತ್ತಾಗಬೇಕು ಎಂದ. ಜೀಪಲ್ಲಿ ಕೂತವರು ಆಡಿಕೊಳ್ಳುತ್ತಾರಂತೆ.

"ಆಡ್ಕಳ್ಳಿ. ಜೀಪಲ್ಲಿ ಕೂತೋರ ಬಾಯಿ ಕಾಯಕ್ಕೆ ನಾನು ಸೊಸೆ ತಂದಿಲ್ಲ" ಎಂದೆ.

ಯಜಮಾನರು ಎರಡೂ ಕಡೆ ನೋಡಿ, ಎದ್ದು ಹೋಗಿ ಗಿರಣಿ ಶುರು ಮಾಡಿದರು. ಭಾನುವಾರ, ಬೀಸಲು ಒಂದು ಡಬ್ಬವೂ ಇರಲಿಲ್ಲ.

14 ಜನವರಿ, ಮಂಗಳವಾರ, ಸಂಕ್ರಾಂತಿ

ಎಳ್ಳು ಬೀರುವುದಕ್ಕೆ ಯಾರ ಅಪ್ಪಣೆಯೂ ಬೇಡ. ಎಳ್ಳು, ಬೆಲ್ಲ, ಕಬ್ಬಿನ ತುಂಡು ಇಟ್ಟುಕೊಂಡು ಏಳು ಮನೆಗೂ ಹೋದೆ. ಎಳ್ಳು ಕೊಟ್ಟು, ಒಬ್ಬೊಬ್ಬರನ್ನೇ ಹಿತ್ತಲಿಗೆ ಕರೆದು, ಮೊದಲು ನನ್ನದು ಹೇಳಿ, ಆಮೇಲೆ ಕೇಳಿದೆ.

ಮೊದಲ ಮನೆಯಲ್ಲಿ ಬಾಗಿಲು ಮುಖಕ್ಕೆ ಹಾಕಿದರು. ಎಳ್ಳು ಇಸಕೊಂಡೇ ಹಾಕಿದರು. ಎರಡನೆಯ ಮನೆಯಾಕೆ ಇಲ್ಲ ಎಂದಳು, ಅದು ನಿಜವೆಂದೇ ಕಂಡಿತು. ಹುಲಿಯಮ್ಮ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈಗ್ಲಾದ್ರೂ ಕೇಳ್ದಲ್ಲ ಮಾರಾಯ್ತಿ. ತೋಟದಲ್ಲಿ ಗಿಡದ ಮರೆಗೆ ಓಡೋದು ಯಾತಕ್ಕೆ ಅಂದ್ಕಂಡಿದ್ದೆ? ಒಂದೊಂದ್ ದಿನ ನಾಕು, ಒಂದೊಂದ್ ದಿನ ಏಳು. ರಕ್ತನೂ ಹೋಯ್ತದೆ. ನೀನು ಕೇಳ್ನಿಲ್ಲ, ನಾನು ಹೇಳ್ನಿಲ್ಲ" ಎಂದಳು.

ಸಂಜೆಯ ಹೊತ್ತಿಗೆ ಸಿಕ್ಕಿದ್ದು ಇಷ್ಟು. ಎಂಟು ಜನರಲ್ಲಿ ನನ್ನನ್ನೂ ಸೇರಿಸಿ ನಾಲ್ವರಿಗೆ ಭೇದಿ. ಮೂವರಿಗೆ ರಕ್ತ. ಒಬ್ಬಳು ಬಾಗಿಲು ಹಾಕಿದಳು. ಪುಸ್ತಕದಲ್ಲಿಲ್ಲದ ಶಾಲಿನಿ ಐದನೆಯವಳು. ಎಲ್ಲವನ್ನೂ ಇವತ್ತಿನ ತಾರೀಖು ಹಾಕಿ ಬರೆದೆ. ಹಳೆಯ ಸೊನ್ನೆಗಳನ್ನು ಅಳಿಸಲಿಲ್ಲ. ಅಳಿಸಿದರೆ ಅದು ಇನ್ನೊಂದು ಸುಳ್ಳು.

16 ಜನವರಿ, ಗುರುವಾರ

ಬೆಳಿಗ್ಗೆ ಬಸ್ಸಿಗೆ ಹೊರಟಾಗ ಸುನಿಲ ಜೀಪು ತಂದು ಬಾಗಿಲಲ್ಲಿ ನಿಲ್ಲಿಸಿದ. ಹಾಸನದವರೆಗೂ ಅವನೇ ಓಡಿಸಿದ. ದಾರಿಯಲ್ಲಿ ಶಾಲಿನಿ ಎರಡು ಸಲ ನಿಲ್ಲಿಸಲು ಹೇಳಿದಳು. ನಾನು ಒಂದು ಸಲ. ನಿಲ್ಲಿಸಿದ.

ಡಾಕ್ಟರ್ ಮೇಘಾ ಅವರ ಮುಂದೆ ಎಂಟು ಪುಸ್ತಕ ಇಟ್ಟು ಎಲ್ಲ ಹೇಳಿದೆ. ಮಾತ್ರೆ ನುಂಗಿಸಿದ್ದು, ಗಂಜಿ ಕುಡಿಸಿದ್ದು, ಕೇಳದೆ ಸೊನ್ನೆ ಹಾಕಿದ್ದು. ಅವರ ಮುಖ ಕೆಂಪಾಯಿತು. ಪುಸ್ತಕ ತಿರುವಿ ಹಾಕುತ್ತಲೇ ಇದ್ದರು.

"ಎರಡು ತಿಂಗಳ ಕೆಲಸ ಅಮ್ಮ. ಒಂದು ಪುಟವೂ ಉಳಿಯಲ್ಲ. ಮಾತ್ರೆ ವಿಷಯ ಹೋದ ವಾರ ನೇರವಾಗಿ ಕೇಳಿದೆ, ಆಗಲೂ ಸುಳ್ಳು ಹೇಳಿದ್ರಿ."

"ಹೇಳ್ದೆ. ಬೈರಿ" ಎಂದೆ. "ನನ್ನನ್ನ ಎಷ್ಟಾದ್ರೂ ಬೈರಿ. ಈ ಹುಡುಗೀನ ಮೊದ್ಲು ನೋಡಿ."

ಬೈಯಲಿಲ್ಲ. ಶಾಲಿನಿಯನ್ನು ಒಳಗೆ ಕರೆದುಕೊಂಡು ಹೋದರು. ಹೊಟ್ಟೆ ಒತ್ತಿದರು, ಮಂಡಿ ನೋಡಿದರು, ರಕ್ತ ತೆಗೆಸಿದರು. ಮೈಯಲ್ಲಿ ರಕ್ತವೇ ಅರ್ಧವಿಲ್ಲ, ಇನ್ನೆರಡು ತಿಂಗಳು ಹೀಗೇ ಬಿಟ್ಟಿದ್ದರೆ ನಡೆಸಿಕೊಂಡು ತರುತ್ತಿರಲಿಲ್ಲ, ಎತ್ತಿಕೊಂಡು ತರುತ್ತಿದ್ದಿರಿ ಎಂದು ಹೇಳಿದರು. ಸುನಿಲ ಗೋಡೆಯ ಕಡೆ ತಿರುಗಿ ನಿಂತ. ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆ ಸೋಮವಾರಕ್ಕೆ. ನೋವಿನ ಮಾತ್ರೆ ಇವತ್ತಿನಿಂದ ಇಬ್ಬರಿಗೂ ಬಂದ್.

ಹೊರಡುವಾಗ ಡಾಕ್ಟರಮ್ಮ ಬಾಗಿಲವರೆಗೆ ಬಂದರು. ನಾನು ನಿಮ್ಮನ್ನೆಲ್ಲ ಭವನದಲ್ಲಿ ಸಾಲಾಗಿ ಕೂರಿಸಿ ಆ ಪ್ರಶ್ನೆ ಕೇಳಿದೆ, ಹಾಗೆ ಕೇಳಿದರೆ ನಮ್ಮಮ್ಮನೂ ಸೊನ್ನೆ ಅಂತಲೇ ಹೇಳುತ್ತಿದ್ದರು, ಅದು ನನ್ನ ತಪ್ಪು ಎಂದರು. ದೊಡ್ಡ ಡಾಕ್ಟರು ಇದನ್ನು ಒಪ್ಪುವುದು ಕಷ್ಟವಂತೆ. ಒಪ್ಪದಿದ್ದರೆ ನನ್ನ ಮುಂದೆ ಕೂರಿಸಿ ಎಂದೆ.

13 ಫೆಬ್ರವರಿ, ಗುರುವಾರ

ಕೂರಿಸಿದರು.

ಶಾಲಿನಿಗೆ ಕಾಯಿಲೆಯ ಹೆಸರು ಗೊತ್ತಾಗಿ ಮೂರು ವಾರವಾಯಿತು. ದೊಡ್ಡ ಕರುಳಿನಲ್ಲಿ ಹುಣ್ಣು, ಅದೇ ಉರಿ ಮಂಡಿಗೂ ಇಳಿದಿದೆ. ಔಷಧಿ ನಡೆಯುತ್ತಿದೆ. ನನ್ನದೂ ಅದೇ ಜಾತಿಯದು, ಸ್ವಲ್ಪ ಸಣ್ಣದು. ಮಿಕ್ಕವರಿಗೆ ಪರೀಕ್ಷೆ ಆಗಬೇಕಾದರೆ ಇವತ್ತು ದೊಡ್ಡ ಡಾಕ್ಟರು ಒಪ್ಪಬೇಕಿತ್ತು.

ಡಾಕ್ಟರಮ್ಮನೇ ಹೇಳಿಕಳಿಸಿದ್ದರಿಂದ ಯಾರೂ ಒಂದು ವಾರದಿಂದ ನೋವಿನ ಮಾತ್ರೆ ಮುಟ್ಟಿರಲಿಲ್ಲ. ಇದ್ದ ಹಾಗೇ ಬನ್ನಿ ಎಂದು ನಾನು ಎಲ್ಲರಿಗೂ ಹೇಳಿದ್ದೆ. ತಲೆ ಬಾಚಲು ಕೈ ಏಳದವರು ಬಾಚದೆ ಬಂದರು. ಬಾಗಿಲು ಹಾಕಿದ್ದವಳೂ ಬಂದು ಕೊನೆಯಲ್ಲಿ ಕೂತಳು. ನನ್ನ ಸೆರಗನ್ನು ಶಾಲಿನಿಯೇ ಸಿಕ್ಕಿಸಬೇಕಾಯಿತು. ಈ ಸಲ ಭವನದ ಮೂಲೆಯಲ್ಲಿ ಸೀರೆ ಕಟ್ಟಿ ಮರೆ ಮಾಡಿದ್ದರು. ಒಬ್ಬೊಬ್ಬರೇ ಒಳಗೆ.

ದೊಡ್ಡ ಡಾಕ್ಟರು ತೆಳ್ಳಗಿನ ಮನುಷ್ಯ, ಗಡಿಯಾರ ನೋಡುವ ಅಭ್ಯಾಸ. ಎರಡು ತಿಂಗಳು ಸೊನ್ನೆ ಬರೆದವರೂ ನೀವೇ, ಈಗ ಐದು ಆರು ಬರೆಯುವವರೂ ನೀವೇ, ಯಾವುದನ್ನು ನಂಬಲಿ ಎಂದು ಕೇಳಿದರು. ಕೇಳಿದ್ದು ನ್ಯಾಯವೇ.

"ಪುಸ್ತಕ ನಂಬಬ್ಯಾಡಿ ಸ್ವಾಮಿ" ಎಂದು ಕೈ ಚಾಚಿದೆ. "ಇಲ್ಲೈತೆ, ಒತ್ತಿ."

ಒತ್ತಿದರು. ಒಂದೊಂದೇ ಬೆರಳಿಗೆ ನೋವು ಎಂದೆ. ಕೈ ಎಳೆದುಕೊಳ್ಳಲಿಲ್ಲ. ಹತ್ತೊಂಬತ್ತನೇ ಸಲ ನೋವು ಎನ್ನುವಾಗ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ನೋಡಲಿ. ಅವರು ಗಡಿಯಾರ ನೋಡುವುದು ಬಿಟ್ಟಿದ್ದರು. ನನ್ನದಾದ ಮೇಲೆ ಏಳು ಜನರನ್ನೂ ಸ್ವತಃ ಒತ್ತಿ ನೋಡಿದರು, ರಕ್ತದ ಹಾಳೆಗಳ ಜೊತೆ ಹೋಲಿಸಿ ಡಾಕ್ಟರಮ್ಮನ ಜೊತೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಕಡೆಗೆ ಹಳೆಯದೆಲ್ಲ ತೆಗೆದುಹಾಕಿ, ಇವತ್ತಿನಿಂದ ಹೊಸದಾಗಿ ಆರು ತಿಂಗಳು ಎಂದರು. ತೆಗೆದುಹಾಕಿದ್ದಕ್ಕೆ ವರದಿಯಲ್ಲಿ ಕಾರಣ ಬರೆಯಬೇಕಂತೆ.

"ನನ್ನ ಹೆಸ್ರೇ ಬರೀರಿ" ಎಂದೆ. "ವಿಶಾಲಮ್ಮ, ಗಿರಣಿ ವೀರಯ್ಯನ ಹೆಂಡ್ತಿ, ಹಾನುಬಾಳು."

ಹೆಸರು ಬರೆಯುವ ಹಾಗಿಲ್ಲವಂತೆ. ಇರಲಿ. ತಮ್ಮ ಬಸವಯ್ಯನಿಗೆ ಎಲ್ಲವನ್ನೂ ಬರೆದು ಅಂಚೆಗೆ ಹಾಕಿದೆ, ನಾಲ್ಕು ಪುಟವಾಯಿತು.

27 ಫೆಬ್ರವರಿ, ಗುರುವಾರ

ಹಾಸನಕ್ಕೆ ಔಷಧಿ ಬದಲಾಯಿಸಿಕೊಳ್ಳಲು ಹೋಗಿದ್ದೆವು, ನಾನು ಮತ್ತು ಶಾಲಿನಿ. ಅವಳ ತೂಕ ಎರಡು ಕಿಲೋ ಏರಿದೆ. ಬರುವಾಗ ಬಸ್ಸಿನಲ್ಲಿ ಗಂಗಾಮಣಿ ಸಿಕ್ಕಿದಳು. ಶಾಲಿನಿಗೆ ತವರಿನ ಕಡೆಯಿಂದ ಚಿಕ್ಕಮ್ಮ, ಪಾಳ್ಯದವಳು. ನಮ್ಮ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ, ಆಸ್ಪತ್ರೆಯ ಚೀಲ ನೋಡಿ ನಕ್ಕು, "ಏನೇ, ವಿಶೇಷನಾ?" ಎಂದಳು. ಬಸ್ಸಿನಲ್ಲಿ ಅರ್ಧ ಜನ ಕಿವಿ ಕೊಟ್ಟರು. ಮದುವೆಯಾಗಿ ಮೂರು ವರ್ಷದ ಹುಡುಗಿ.

ನಾನು ಬಾಯಿ ತೆರೆಯುವುದರೊಳಗೆ ಶಾಲಿನಿಯೇ ಹೇಳಿದಳು. "ಇಲ್ಲ ಚಿಕ್ಕಮ್ಮ. ಕರುಳಲ್ಲಿ ಹುಣ್ಣಾಗೈತೆ. ದಿನಕ್ಕೆ ಎಂಟು ಸಲ ಭೇದಿ ಆಗ್ತಿತ್ತು, ರಕ್ತ ಹೋಗ್ತಿತ್ತು. ಈಗ ಎರಡು ಸಲಕ್ಕೆ ಇಳಿದೈತೆ."

"ನಂಗೂ ಅದೇ" ಎಂದೆ ನಾನು.

ಪಕ್ಕದ ಸಾಲಿನ ಗಂಡಸೊಬ್ಬ ಕಿಟಕಿಯ ಕಡೆ ತಿರುಗಿಕೊಂಡ. ಗಂಗಾಮಣಿಯ ನಗು ಹಾಗೇ ಮುಖದ ಮೇಲೆ ಉಳಿದು, ನಿಧಾನಕ್ಕೆ ಇಳಿಯಿತು. ಛೀ ಎನ್ನುತ್ತಾಳೆ ಎಂದುಕೊಂಡೆ, ಅಂದರೆ ಏನು ಹೇಳಬೇಕೆಂದೂ ಯೋಚಿಸಿಟ್ಟುಕೊಂಡೆ. ಅವಳು ಮುಂದಕ್ಕೆ ತಿರುಗಿ ಕೂತಳು. ಆಲೂರು ದಾಟಿದರೂ ತಿರುಗಲಿಲ್ಲ.

ಪಾಳ್ಯ ಬಂದಾಗ ಎದ್ದಳು. ಇಳಿಯುವವರನ್ನು ಮುಂದೆ ಬಿಟ್ಟು, ಕಂಬಿ ಹಿಡಿದು ನಮ್ಮ ಕಡೆ ಬಗ್ಗಿದಳು. ದನಿ ಬಹಳ ಸಣ್ಣಗಿತ್ತು. "ಆ ಡಾಕ್ಟ್ರು ಹೆಂಗಸ್ರೇನು?"

ಹೌದು ಎಂದೆ.

"ಮುಂದಿನ ಗುರುವಾರನೂ ನಾವು ಹೋಗ್ತೀವಿ ಚಿಕ್ಕಮ್ಮ" ಎಂದಳು ಶಾಲಿನಿ. "ಇಲ್ಲೇ ಹತ್ಕಳಿ. ಸೀಟು ಹಿಡ್ದಿರ್ತೀನಿ."

ಗಂಗಾಮಣಿ ಸೆರಗು ಸರಿಮಾಡಿಕೊಂಡಳು. ಇಳಿದು ಹೋದಳು. ಕಂಡಕ್ಟರ್ ಸೀಟಿ ಊದಿದ ಮೇಲೆ ಕೆಳಗಿನಿಂದ ನಮ್ಮ ಕಿಟಕಿಯ ಕಂಬಿಗೆ ಕೈ ಹಾಕಿ, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆಯುತ್ತ, "ಎಷ್ಟು ಗಂಟೆ ಬಸ್ಸು?" ಎಂದು ಕೇಳಿದಳು.